ಯಾರೂ ಹೋಗದ ನಡುಗಡ್ಡೆಗೆ ಹತ್ತೊಂಬತ್ತು ಹೆಂಗಸರು

1973ನೇ ಇಸವಿಯ ಮೊದಲ ತಿಂಗಳುಗಳು. ನಾನು ಆಗ ನೆಲಮಂಗಲ ತಾಲ್ಲೂಕು ತ್ಯಾಮಗೊಂಡ್ಲು ಹೋಬಳಿಯಲ್ಲಿ ಗ್ರಾಮಸೇವಿಕೆಯಾಗಿದ್ದೆ. ವಯಸ್ಸು ಇಪ್ಪತ್ತೊಂಬತ್ತು, ಸೇವೆಗೆ ಸೇರಿ ಆರು ವರ್ಷ. ಗ್ರಾಮಸೇವಿಕೆ ಎಂದರೆ ಬ್ಲಾಕ್ ಆಫೀಸಿನಿಂದ ಹಳ್ಳಿಗಳಿಗೆ ಹೋಗಿ ಮಹಿಳಾ ಸಮಾಜ ನಡೆಸುವವಳು. ಹೊಲಿಗೆ ಕಲಿಸುವುದು, ಹೊಗೆ ಬಾರದ ಒಲೆ ಹಾಕಿಸುವುದು, ಮಕ್ಕಳಿಗೆ ಹಾಲಿನ ಪುಡಿ ಕಲಸಿ ಕೊಡುವುದು, ಇವು ನನ್ನ ಕೆಲಸಗಳು. ಊರಿನವರು ನನ್ನನ್ನು ಟೀಚರಮ್ಮ ಎಂದೇ ಕರೆಯುತ್ತಿದ್ದರು.

ಈ ಸಂಗತಿಯನ್ನು ಮನೆಯಲ್ಲಿ ನಿಮ್ಮ ತಾತ ಹೇಳುತ್ತಿದ್ದರು, ಉಪ್ಪು ಖಾರ ಹಚ್ಚಿ. ಅವರು ಹೋದ ಮೇಲೆ ಹೇಳುವವರಿಲ್ಲ. ಮೊನ್ನೆ ನೀವೆಲ್ಲ ಫೋನು ಹಿಡಿದು ಕೂತು, ಮೊದಲ ಸಲ ದ್ವೀಪಕ್ಕೆ ಹೋಗುತ್ತೇವೆ, ಜನ ಇಲ್ಲದ ಕಡಲತೀರ ಯಾವುದು ಎಂದು ಹುಡುಕುತ್ತಿದ್ದಿರಿ. ಎದುರು ಕೂತು ಹೇಳುವುದು ನನಗೆ ಮೊದಲಿನಿಂದಲೂ ಕಷ್ಟ. ಅದಕ್ಕೇ ಬರೆಯುತ್ತಿದ್ದೇನೆ.

ಆ ವರ್ಷ ಮಹಿಳಾ ಸಮಾಜದವರಿಗೆ ನಾಲ್ಕು ದಿನದ ಪ್ರವಾಸ ಮಂಜೂರಾಯಿತು. ನಮ್ಮ ಹೋಬಳಿಯಿಂದ ಹೆಂಗಸರೇ ಸೇರಿ ಊರು ಬಿಟ್ಟು ಹೋಗುವುದು ಅದೇ ಮೊದಲು. ಎಲ್ಲಿಗೆ ಹೋಗಬೇಕೆಂದು ಕೇಳಿದರೆ ಹೊರಡಲು ಒಪ್ಪಿದ ಹದಿನೆಂಟು ಜನವೂ ಒಂದೇ ಮಾತು: ಸಮುದ್ರ. ಒಬ್ಬಳನ್ನು ಬಿಟ್ಟರೆ ಅವರಲ್ಲಿ ಯಾರೂ ಸಮುದ್ರ ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ.

ಆಫೀಸಿನ ಸಾಹೇಬರು, "ಮದ್ರಾಸಿಗೆ ಹೋಗಿ, ಒಂದೇ ರೈಲು," ಎಂದರು. ಮದ್ರಾಸು ಕಂಡಿದ್ದವಳು ರತ್ನಮ್ಮ, ಪಂಚಾಯಿತಿ ಚೇರ್ಮನ್ ಪುಟ್ಟಹನುಮಯ್ಯನವರ ಸೊಸೆ. ಇಪ್ಪತ್ನಾಲ್ಕು ವರ್ಷದ ಬಾಯಿಬಡುಕಿ.

"ಮದ್ರಾಸು ಬೇಡ ಟೀಚರಮ್ಮ," ಅಂದಳು. "ಅಲ್ಲಿ ನಾವು ನೀರಿಗಿಳಿದ್ರೆ ಗಂಡಸ್ರು ಕಳ್ಳೇಕಾಯಿ ತಿನ್ಕೊಂಡು ನಾಟಕ ನೋಡ್ದಂಗೆ ಕೂತಿರ್ತಾರೆ. ಒದ್ದೆ ಸೀರೇಲಿ ಎಲ್ಲಿಗೆ ಓಡಾನ?"

ಎಲ್ಲರ ಚಿಂತೆಯೂ ಅದೇ ಆಗಿತ್ತು. ನೋಡುವವರಿಲ್ಲದ ಜಾಗ ಬೇಕು. ಜೊತೆಗೆ ಇನ್ನೊಂದು ಷರತ್ತು ಸೇರಿತು. ಅದನ್ನು ಹೇಳಿದವಳು ಚಿಕ್ಕತಾಯಮ್ಮ. ಅವಳ ಗಂಡ ನೀರುಗಂಟಿಯಾಗಿದ್ದವನು, ಅಂದರೆ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನು. ಅವನು ಸತ್ತ ಮೇಲೆ ಅವಳೇ ಎಂಟು ವರ್ಷ ಆ ಕೆಲಸ ನೋಡಿಕೊಂಡಿದ್ದಳು. ಅರವತ್ತು ದಾಟಿತ್ತು.

"ಸಮುದ್ರಾನ ಯಾವಾಗಂದ್ರೆ ಆವಾಗ ಮುಟ್ಟಂಗಿಲ್ಲ ಕಣವ್ವ," ಅಂದಳು. "ಅಮಾಸೆಗೋ ಹುಣ್ಣಿಮೆಗೋ ಮುಟ್ಟಬೇಕು. ಬರೇ ದಿನ ಮುಟ್ಟಿದ್ರೆ ದೋಸ."

ಹಿರಿಯರೆಲ್ಲ ತಲೆಯಾಡಿಸಿದರು. ಪುಷ್ಯ ಮಾಸದ ಅಮಾವಾಸ್ಯೆ ಎಂದು ಗೊತ್ತುಮಾಡಿದೆವು. ರಾಗಿ ಕಣದ ಕೆಲಸವೂ ಅಷ್ಟು ಹೊತ್ತಿಗೆ ಮುಗಿದಿರುತ್ತಿತ್ತು.

ಜಾಗ ಹುಡುಕುವುದು ನನ್ನ ಪಾಲಿಗೆ ಬಂತು. ಜೋಗ ನೋಡಿಕೊಂಡು ಹೊನ್ನಾವರದ ಕಡೆ ಇಳಿದರೆ ಸಮುದ್ರ ಎಂದು ನಕ್ಷೆಯಲ್ಲಿ ಕಂಡಿತು. ಆ ಕಡೆಯ ಒಂದು ಮೀನುಗಾರರ ಊರಿನ ಶಾಲೆಯ ಮುಖ್ಯೋಪಾಧ್ಯಾಯರಿಗೆ ಕಾಗದ ಬರೆದೆ. ಊರಿನ ಹೆಸರು ಇಲ್ಲಿ ಬೇಡ, ತಪ್ಪು ಅವರದಲ್ಲ. ಜನಸಂದಣಿ ಇಲ್ಲದ, ಹೆಂಗಸರು ಸ್ನಾನ ಮಾಡಬಹುದಾದ ಜಾಗ ಇದೆಯೇ ಎಂದು ಕೇಳಿದ್ದೆ. ಹನ್ನೆರಡನೆಯ ದಿನಕ್ಕೆ ಉತ್ತರ ಬಂತು. ಶಾಲೆಯ ಕೋಣೆಯಲ್ಲಿ ಇಳಿದುಕೊಳ್ಳಬಹುದು. ಊರ ಮುಂದೆ ಒಂದು ಸಣ್ಣ ನಡುಗಡ್ಡೆ ಇದೆ. ಅಮಾವಾಸ್ಯೆಯಂದು ಬೆಳಿಗ್ಗೆ ಮರಳಿನ ಮೇಲೆ ನಡೆದೇ ಹೋಗಬಹುದು. ಅಲ್ಲಿಗೆ ಯಾರೂ ಹೋಗುವುದಿಲ್ಲ. ಮಿಕ್ಕ ವಿವರ ನೀವು ಬಂದಾಗ ಹೇಳುತ್ತೇನೆ, ಎಂದಿತ್ತು.

"ಯಾರೂ ಹೋಗುವುದಿಲ್ಲ" ಎಂಬ ಸಾಲನ್ನು ನಾನು ಸಮಾಜದಲ್ಲಿ ಎರಡು ಸಲ ಓದಿ ಹೇಳಿದೆ. ಹೆಂಗಸರು ಚಪ್ಪಾಳೆ ತಟ್ಟಿದರು.

ಹೊರಡುವ ಮುನ್ನ ಚೇರ್ಮನ್ನರು ನನ್ನನ್ನು ಕರೆಸಿದರು. "ನೋಡಮ್ಮ, ಹತ್ತೊಂಬತ್ತು ಜನ ಹೋಗ್ತಿದ್ದೀರ, ಹತ್ತೊಂಬತ್ತು ಜನ ವಾಪಸ್ ಬರಬೇಕು. ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ಈ ಹೋಬಳಿಯಿಂದ ಇನ್ನೊಂದು ಹೆಂಗಸು ಹೊಸ್ತಿಲು ದಾಟಾಕಿಲ್ಲ. ಇದು ಪಂಚಾಯ್ತಿ ಮಾತು." ನಾನು ತಲೆಯಾಡಿಸಿದೆ. ಬೇರೆ ಹೋಬಳಿಯ ಗ್ರಾಮಸೇವಿಕೆಯರೂ ಅಷ್ಟರಲ್ಲಿ ಕೇಳಿದ್ದರು, ಜಾಗ ಚೆನ್ನಾಗಿದ್ದರೆ ನಮಗೂ ವಿಳಾಸ ಕೊಡು ಎಂದು.

ಮೂರು ಬಸ್ಸು ಬದಲಾಯಿಸಿ, ಜೋಗ ನೋಡಿ, ಎರಡನೆಯ ದಿನ ಸಂಜೆ ಆ ಊರು ಸೇರಿದೆವು. ಮಾಸ್ತರರು ಶಾಲೆ ಗುಡಿಸಿಟ್ಟು ಕಾಯುತ್ತಿದ್ದರು. ಒಳ್ಳೆಯ ಮನುಷ್ಯರು. "ಬೆಳಿಗ್ಗೆ ನಾನೇ ಬಂದು ದಾರಿ ತೋರಿಸ್ತೇನೆ," ಎಂದರು. ಹೆಂಗಸರ ಸ್ನಾನಕ್ಕೆ ಗಂಡಸರು ಬರುವುದು ಹೇಗೆ? ಬೇಡವೆನ್ನಲು ನನಗೆ ನಾಚಿಕೆ. ರತ್ನಮ್ಮನೇ ಹೇಳಿದಳು. ಅವರಿಗೂ ಅರ್ಥವಾಯಿತು. "ಹಾಗಾದ್ರೆ ನಮ್ಮ ಮನೆಯವಳನ್ನು ಕಳಿಸ್ತೇನೆ. ಆರೂವರೆಗೆ ಬರ್ತಾಳೆ, ಅವಳು ಎಲ್ಲ ಹೇಳ್ತಾಳೆ," ಎಂದರು. ಹೇಳುವುದು ಏನಿದೆ, ಅಲ್ಲಿಗೆ ಯಾಕೆ ಯಾರೂ ಹೋಗುವುದಿಲ್ಲ ಎಂದು ಆಗಲೇ ಕೇಳಬಹುದಿತ್ತು. ನಾನು ಸೆರಗು ಹಿಡಿದುಕೊಂಡು ನೆಲ ನೋಡುತ್ತ ನಿಂತಿದ್ದೆ.

ಬೆಳಿಗ್ಗೆ ಐದೂವರೆಗೇ ಎಲ್ಲರೂ ಎದ್ದು ಕೂತಿದ್ದರು. "ಊರು ಏಳೋ ಮುಂಚೆ ಮುಳುಗಿ ಬಂದ್ಬಿಡಾನ ಟೀಚರಮ್ಮ, ಆಯಮ್ಮ ಬರೋ ಹೊತ್ಗೆ ನಾವು ಮಡಿ ಉಟ್ಟು ಕೂತಿರಾನ," ಎಂದಳು ರತ್ನಮ್ಮ. ನಾನೂ ಒಪ್ಪಿದೆ. ಆರು ಗಂಟೆಗೆ ಹೊರಟೆವು. ಮಾಸ್ತರರ ಹೆಂಡತಿಗೆ ಕಾಯಲಿಲ್ಲ.

ಬರೆದಿದ್ದಂತೆಯೇ ಇತ್ತು. ದಡದಿಂದ ನಡುಗಡ್ಡೆಗೆ ಒದ್ದೆ ಮರಳಿನ ದಾರಿ, ಸುಮಾರು ಇನ್ನೂರು ಹೆಜ್ಜೆ, ಹಿಮ್ಮಡಿಯೂ ಮುಳುಗಲಿಲ್ಲ. ನಡುಗಡ್ಡೆ ನಮ್ಮ ಸಂತೆ ಮೈದಾನದ ಅರ್ಧದಷ್ಟು. ನಡುವೆ ದಿಬ್ಬ, ದಿಬ್ಬದ ಮೇಲೆ ಕೇದಿಗೆ ಮೆಳೆ, ಅದರ ಸುತ್ತ ನೇರಳೆ ಬಣ್ಣದ ಹೂ ಬಿಟ್ಟ ಬಳ್ಳಿ ಹಬ್ಬಿತ್ತು. ಒಂದು ನರಪಿಳ್ಳೆಯೂ ಇರಲಿಲ್ಲ.

ಆ ಒಂದು ಗಂಟೆಯನ್ನು ಬರೆಯಲು ನನಗೆ ಬರುವುದಿಲ್ಲ. ಮದುವೆಯಾದ ಮೇಲೆ ಜೋರಾಗಿ ನಗದಿದ್ದವರು ನಕ್ಕರು. ಚಿಕ್ಕತಾಯಮ್ಮ ಬೊಗಸೆಯಲ್ಲಿ ನೀರು ತೆಗೆದು ನಾಲಗೆಗೆ ಮುಟ್ಟಿಸಿ, "ಇಷ್ಟು ನೀರಿಟ್ಕೊಂಡು ಒಂದು ಗದ್ದೆಗೂ ಆಗಾಕಿಲ್ವಲ್ಲ!" ಎಂದು ಬೈದಳು. ನಾನೂ ಮೂರು ಸಲ ಮುಳುಗಿದೆ.

ಒಣಸೀರೆ, ಅವಲಕ್ಕಿ, ಕುಡಿಯುವ ನೀರಿನ ಬಿಂದಿಗೆ, ಎಲ್ಲವನ್ನೂ ನೀರಿನ ಅಂಚಿನಿಂದ ಎರಡು ಮಾರು ಮೇಲಿಟ್ಟಿದ್ದೆವು. ನಮ್ಮ ಕೆರೆಯ ದಡದಲ್ಲಿ ಇಡುವುದೂ ಹಾಗೆಯೇ. ಕೆರೆಯ ನೀರು ಮಳೆ ಬಂದರೆ ಏರುತ್ತದೆ, ಬೇಸಿಗೆಯಲ್ಲಿ ದಿನಕ್ಕಿಷ್ಟು ಇಳಿಯುತ್ತದೆ. ಬೆಳಿಗ್ಗೆ ಇದ್ದ ಕಡೆ ಮಧ್ಯಾಹ್ನವೂ ಇರುತ್ತದೆ. ಏಳನೆಯ ತರಗತಿಯಲ್ಲಿ ನಾನು ಉಬ್ಬರ ಇಳಿತದ ಪಾಠ ಬಾಯಿಪಾಠ ಮಾಡಿದ್ದೆ. ಸೂರ್ಯ ಚಂದ್ರರ ಸೆಳೆತದಿಂದ ಸಮುದ್ರ ಸುಮಾರು ಆರು ಗಂಟೆ ಏರಿ ಆರು ಗಂಟೆ ಇಳಿಯುತ್ತದೆ, ಅಮಾವಾಸ್ಯೆ ಹುಣ್ಣಿಮೆಗೆ ಏರಿಳಿತ ಎಲ್ಲ ದಿನಕ್ಕಿಂತ ಹೆಚ್ಚು. ಪರೀಕ್ಷೆಯಲ್ಲಿ ಬರೆದು ಪೂರಾ ಅಂಕ ತೆಗೆದುಕೊಂಡಿದ್ದೆ. ಅದು ನಾನು ನಿಂತ ನೆಲದ ಮಾತು ಎಂದು ಆ ಬೆಳಿಗ್ಗೆ ಹೊಳೆಯಲೇ ಇಲ್ಲ.

ಮೊದಲು ತೇಲಿದ್ದು ರತ್ನಮ್ಮನ ಗಂಟು. "ಅಯ್ಯೋ, ನನ್ ಸೀರೆ ನನ್ಗಿಂತ ಮುಂಚೆ ಊರಿಗೆ ಹೊರಟ್ತು ಕಣ್ರೇ!" ಎಂದು ಕೂಗಿದಳು. ಎಲ್ಲರೂ ನಕ್ಕರು. ಚಿಕ್ಕತಾಯಮ್ಮ ನಗಲಿಲ್ಲ. ಆಕಾಶ ನೋಡಿದಳು. ಒಂದು ಮೋಡವಿರಲಿಲ್ಲ.

"ಮಳೆ ಇಲ್ಲ, ಕಾಲುವೆ ಇಲ್ಲ. ನೀರು ಏರ್ತಾ ಐತೆ," ಎಂದಳು.

ತಿರುಗಿ ನೋಡಿದರೆ ಬಂದ ದಾರಿ ಇರಲಿಲ್ಲ. ಎರಡು ಕಡೆಯ ನೀರೂ ನಡುವೆ ಬಂದು ಒಂದಕ್ಕೊಂದು ಬಡಿಯುತ್ತಿತ್ತು. ನನ್ನ ಕೈಗಡಿಯಾರದಲ್ಲಿ ಏಳೂ ಮುಕ್ಕಾಲು.

ಹೆಂಗಸರು ಅಳಲು ಶುರುಮಾಡಿದರು. ನಮ್ಮಲ್ಲಿ ಈಜು ಬರುವವರು ಒಬ್ಬರೂ ಇರಲಿಲ್ಲ. ದಡದಲ್ಲಿ ದೋಣಿಗಳಿರಲಿಲ್ಲ, ಎಲ್ಲ ಮೀನಿಗೆ ಹೋಗಿದ್ದವು. ರತ್ನಮ್ಮ ಎರಡು ವರ್ಷದ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು. "ಇನ್ನೂ ಸೊಂಟದ ಮಟ್ಟ ಐತೆ, ಈಗ್ಲೇ ದಾಟ್ಬಿಡಾನ, ನನ್ ಕೂಸು ಕಣ್ರೇ, ನನ್ ಕೂಸು," ಎನ್ನುತ್ತ ನೀರಿಗಿಳಿದೇಬಿಟ್ಟಳು. ಅವಳ ಹಿಂದೆ ಇನ್ನಿಬ್ಬರು.

ಚಿಕ್ಕತಾಯಮ್ಮ ಅತ್ತ ನೋಡದೆ ದಿಬ್ಬ ಹತ್ತಿ ಆ ಹೂವಿನ ಬಳ್ಳಿಯನ್ನು ಬುಡದಿಂದ ಕೆದಕಿ ಬೇರು ನೋಡಿದಳು. "ಟೀಚರಮ್ಮ, ಇದು ಹಳೇ ಬೇರು. ನೀರು ಇಲ್ಲೀಗಂಟ ಬರಂಗಿದ್ರೆ ಈ ಬಳ್ಳಿ ಯಾವತ್ತೋ ಕೊಳ್ತೋಗಿರೋದು. ಎಲ್ರನ್ನೂ ಮೇಲಕ್ಕೆ ಕರೀರಿ."

ನಾನು ಅಷ್ಟರವರೆಗೆ ಯಾರನ್ನೂ ಗದರಿಸಿದವಳಲ್ಲ. ಸೊಂಟದ ನೀರಿಗೆ ಇಳಿದು ಚೇರ್ಮನ್ನರ ಸೊಸೆಯ ಸೆರಗು ಹಿಡಿದು ಎಳೆದೆ. "ಹತ್ತು ಮೇಲಕ್ಕೆ! ನೀನಿಳಿದ್ರೆ ಎಲ್ಲರೂ ಇಳೀತಾರೆ ಕಣೇ. ಕೂಸಿಗೆ ತಾಯಿ ಬೇಕೋ ಬೇಡ್ವೋ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವಳು ನನ್ನ ಮುಖ ನೋಡಿದಳು. ಕಾಲಡಿಯ ಮರಳು ಜಾರುತ್ತಿದ್ದುದು ಇಬ್ಬರಿಗೂ ಗೊತ್ತಾಗುತ್ತಿತ್ತು. ಹಿಂದಕ್ಕೆ ಬಂದಳು. ಉಳಿದಿಬ್ಬರೂ ಬಂದರು.

ಚಿಕ್ಕತಾಯಮ್ಮ ನೀರಿನ ಅಂಚಿನಿಂದ ಮೇಲಕ್ಕೆ ಒಂದೊಂದು ಗೇಣು ಎತ್ತರಕ್ಕೆ ಒಂದರಂತೆ ಆರು ಕಡ್ಡಿ ನೆಟ್ಟಳು. ಕೆರೆ ತುಂಬುವಾಗ ನೀರುಗಂಟಿಗಳು ಹಾಗೆ ನೆಡುತ್ತಾರಂತೆ. ಎಲ್ಲರೂ ಮೆಳೆಯ ಸುತ್ತ ಕೂತು ಕಡ್ಡಿ ನೋಡತೊಡಗಿದೆವು.

ಅಷ್ಟು ಹೊತ್ತಿಗೆ ದಡದಲ್ಲಿ ಒಬ್ಬ ಹೆಂಗಸು ಓಡಿ ಬಂದದ್ದು ಕಂಡಿತು. ಮಾಸ್ತರರ ಹೆಂಡತಿ. ಆರೂವರೆಗೆ ಶಾಲೆಯಲ್ಲಿ ನಮ್ಮನ್ನು ಕಾಣದೆ ಬೇರೆ ಕಡೆಯೆಲ್ಲ ಹುಡುಕಿ ಬಂದಿದ್ದರಂತೆ. ಕೂಗಿದ್ದು ಅಲೆಯ ಸದ್ದಿಗೆ ಕೇಳಿಸಲಿಲ್ಲ. ಅವರು ಎರಡು ಕೈಯನ್ನೂ ಮೇಲಿಂದ ಕೆಳಕ್ಕೆ ಒತ್ತಿ ತೋರಿಸಿ, ನಮ್ಮೆದುರಿಗೇ ಮರಳಿನ ಮೇಲೆ ಕೂತುಬಿಟ್ಟರು. ಕೂತುಕೊಳ್ಳಿ ಎಂದು. ನಾವು ಕೂತಿದ್ದೇವೆ ಎಂದು ತೋರಿಸಲು ನಾನು ಎದ್ದು ಮತ್ತೆ ಕೂತೆ. ಆಮೇಲೆ ಯಾರೋ ಅವರಿಗೆ ಕೊಡೆ ತಂದುಕೊಟ್ಟರು. ಅವರು ಎದ್ದು ಹೋಗಲಿಲ್ಲ. ನೀರು ಇಳಿಯುವವರೆಗೂ ನಮಗೆ ಕಾಣುವಂತೆ ಅಲ್ಲೇ ಕೂತಿದ್ದರು.

ನಾಲ್ಕು ಕಡ್ಡಿ ಮುಳುಗಿದವು. ಐದನೆಯದರ ಬುಡ ಒದ್ದೆಯಾಯಿತು. ಹನ್ನೊಂದರ ಸುಮಾರಿಗೆ ಚಿಕ್ಕತಾಯಮ್ಮ, "ನಿಂತ್ತು," ಎಂದಳು. ಆರನೆಯದು ಒಣಗಿಯೇ ಇತ್ತು. ಒಂದು ಬಿಂದಿಗೆ ಉಳಿದಿತ್ತು, ಅದರ ನೀರನ್ನು ಹತ್ತೊಂಬತ್ತು ಜನ ಗುಟುಕು ಗುಟುಕಾಗಿ ಕುಡಿದೆವು. ಎರಡೂವರೆಗೆ ಮೊಣಕಾಲು ನೀರಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ದಾಟಿದೆವು. ಮಾಸ್ತರರ ಹೆಂಡತಿಯ ಮುಖ ಬಿಸಿಲಿಗೆ ಕೆಂಪಾಗಿತ್ತು. ಬೈಯುತ್ತಾರೆಂದು ಕಾದೆ.

"ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ ತಂಗಿ," ಎಂದರು, ಅಷ್ಟೇ. ಎಲ್ಲರನ್ನೂ ಮನೆಗೆ ಕರೆದುಕೊಂಡು ಹೋಗಿ ಗಂಜಿ ಬಡಿಸಿದರು.

ವಾಪಸಾಗುವಾಗ ಬಸ್ಸಿನಲ್ಲಿ ಮಾತಾಯಿತು. ಯಾರೂ ಮನೆಯಲ್ಲಿ ಬಾಯಿ ಬಿಡಬಾರದು ಎಂದು. ಆದರೆ ನಾನು ಪ್ರವಾಸದ ವರದಿ ಬರೆದು ಆಫೀಸಿಗೆ ಕೊಡಬೇಕಿತ್ತು.

"ಬರೀಬೇಡಿ ಟೀಚರಮ್ಮ, ನಿಮ್ ದಮ್ಮಯ್ಯ," ಎಂದಳು ರತ್ನಮ್ಮ. "ನಮ್ ಮಾವ ಹೇಳಿದ್ದು ನಿಮ್ಗೂ ಗೊತ್ತು. ಬರೆದ್ರೆ ಇದೇ ಕೊನೆ. ನಾನು ಇನ್ನು ಸಾಯೋಗಂಟ ಒಲೆ ಮುಂದೆ."

"ಬರೀದಿದ್ರೆ?" ಎಂದಳು ಚಿಕ್ಕತಾಯಮ್ಮ. "ಮುಂದಿನ ಅಮಾಸೆಗೆ ಇನ್ಯಾರೋ ಹೆಂಗಸ್ರು ಅದೇ ದಿಬ್ಬಕ್ಕೆ ಹೋಗ್ತಾರೆ. ಅವರ ಜೊತೆ ಕಡ್ಡಿ ನೆಡೋರು ಇರ್ತಾರೇನವ್ವ?"

ಮನೆಗೆ ಬಂದು ಎರಡು ದಿನ ಬರೆಯಲಿಲ್ಲ. ಮೂರನೆಯ ದಿನ ಎಲ್ಲವನ್ನೂ ಬರೆದೆ. ಗಂಟೆ, ನೀರಿನ ಮಟ್ಟ, ಮಾಸ್ತರರ ಹೆಂಡತಿಗೆ ಕಾಯದೆ ಹೋದದ್ದು, ನಾನು ಕೇಳದೆ ನಿಂತದ್ದು, ಯಾವುದನ್ನೂ ಬಿಡಲಿಲ್ಲ. ಕೊನೆಯಲ್ಲಿ, ಪ್ರವಾಸದ ಜಾಗ ಗೊತ್ತುಮಾಡುವವರು ಆ ಊರಿನ ಹೆಂಗಸರನ್ನೇ ಕೇಳಬೇಕಾದ ಪ್ರಶ್ನೆಗಳನ್ನು ಒಂದು ಪುಟದಲ್ಲಿ ಬರೆದೆ. ಮೊದಲನೆಯದು: ಇಲ್ಲಿಗೆ ಜನ ಯಾಕೆ ಬರುವುದಿಲ್ಲ?

ಚೇರ್ಮನ್ನರು ಹೇಳಿದಂತೆ ಮಾಡಿದರು. ನಮ್ಮ ಹೋಬಳಿಯ ಪ್ರವಾಸ ಎರಡು ವರ್ಷ ನಿಂತಿತು. ನನಗೆ ಆಫೀಸಿನಲ್ಲಿ ಎಚ್ಚರಿಕೆಯ ಕಾಗದ ಬಂತು. ರತ್ನಮ್ಮ ನನ್ನನ್ನು ಕಂಡರೆ ಬೇರೆ ಬೀದಿಗೆ ತಿರುಗುತ್ತಿದ್ದಳು. ಆ ಪುಟವನ್ನು ದೊಡ್ಡಬಳ್ಳಾಪುರದ ಗ್ರಾಮಸೇವಿಕೆಯೊಬ್ಬಳು ನಕಲು ಮಾಡಿಕೊಂಡು ಹೋದಳು. ಅಲ್ಲಿನ ನೇಕಾರರ ಮನೆಯ ಇಪ್ಪತ್ತೆರಡು ಹೆಂಗಸರು ಅದೇ ಊರಿಗೆ ಹೋಗಿ, ಮಾಸ್ತರರ ಹೆಂಡತಿಯ ಜೊತೆಗೇ ನಡುಗಡ್ಡೆಗೆ ನಡೆದು, ಏಳಕ್ಕೆ ಮೊದಲೇ ದಡಕ್ಕೆ ಬಂದರು. ಚೇರ್ಮನ್ನರಿಗೆ ಈ ಸುದ್ದಿ ಮುಟ್ಟಿಸಿದವಳು ಚಿಕ್ಕತಾಯಮ್ಮ. ಪಂಚಾಯಿತಿ ಕಟ್ಟೆಗೆ ತಾನೇ ಹೋಗಿ ಹೇಳಿದಳಂತೆ.

ಮೂರನೆಯ ವರ್ಷ ಮತ್ತೆ ಒಪ್ಪಿಗೆ ಸಿಕ್ಕಿತು. ಮೇಲೆ ಇನ್ನೊಂದು ಕಡಲತೀರದ ಹೆಸರು ಬರೆದು, ಬರುವವರ ಪಟ್ಟಿ ಹಿಡಿದು ಸಮಾಜದಲ್ಲಿ ಕೂತಿದ್ದೆ. ಬಾಗಿಲಲ್ಲಿ ರತ್ನಮ್ಮ. ಎರಡು ವರ್ಷದ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಇದು:

"ಇದೂ ಯಾರೂ ಬರದ ಜಾಗಾನಾ?"

"ಹೌದು," ಅಂದೆ.

"ಯಾಕೆ ಬರಾಕಿಲ್ಲ ಅಂತ ಕೇಳಿದ್ರಾ?"

ಕೇಳಿದ್ದೆ. ಅಲ್ಲಿ ಬಸ್ಸು ನಿಲ್ಲುವುದು ಮೂರು ಮೈಲಿ ದೂರ, ಅದಕ್ಕೇ ಜನ ಕಡಿಮೆ, ಬೇರೆ ಕಾರಣವಿಲ್ಲ ಎಂದು ಅಲ್ಲಿನ ಸೂಲಗಿತ್ತಿ ಬರೆಸಿದ್ದ ಕಾಗದವನ್ನು ಅವಳ ಕೈಗೆ ಕೊಟ್ಟೆ. ನಿಂತೇ ಪೂರ್ತಿ ಓದಿದಳು. ಮೂರು ಮೈಲಿ ನಡೀಬೋದು ಎಂದು ಹೇಳಿ, ಪೆನ್ನು ತೆಗೆದುಕೊಂಡು ಪಟ್ಟಿಯಲ್ಲಿ ತನ್ನ ಹೆಸರು ಬರೆದಳು. ಅದರ ಕೆಳಗೆ ಅತ್ತೆಯ ಹೆಸರನ್ನೂ ಬರೆದಳು.