ಹಳದಿ ವೈರು ನನ್ನ ಕೈಯಲ್ಲಿತ್ತು

ದೆವ್ವ, ಪ್ರೇತ ಎಂದವರನ್ನು ಕಂಡರೆ ನಗುತ್ತಿದ್ದವಳು ನಾನು. ಕೋಟೇಶ್ವರದ ನಮ್ಮ ಸ್ಟುಡಿಯೋದಲ್ಲಿ ಹಳೆಯ ಮದುವೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವುದು ನನ್ನ ಕೆಲಸ. ವೈರು ಇದ್ದರೆ ಚಿತ್ರ, ಇಲ್ಲದಿದ್ದರೆ ನೀಲಿ ಪರದೆ. ನನ್ನ ವೇದಾಂತ ಅಷ್ಟೇ. ಆದರೂ ಐದು ವರ್ಷದ ಹಿಂದೆ ಹಾಡುಹಗಲಲ್ಲಿ ಕಂಡದ್ದನ್ನು ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನಾನು ಇವರ ಎರಡನೆಯ ಹೆಂಡತಿ. ಮೊದಲಿನವಳು ವಾರಿಜ, ಮಗಳು ಸುಷ್ಮಾಗೆ ವರ್ಷ ತುಂಬುವ ಮೊದಲೇ ತೀರಿಕೊಂಡಳು. ಸಾಕಿದ್ದು ನಾನು, ಜ್ವರ ಬಂದಾಗ ನಿದ್ದೆಗೆಟ್ಟದ್ದು ನಾನು. ಆದರೆ ಅವಳ ಬಾಯಲ್ಲಿ ನಾನು ಚಿಕ್ಕಿ, ಬರೀ ಚಿಕ್ಕಮ್ಮ; ಗೋಡೆಯ ಫೋಟೋ ಅಮ್ಮ. ಸತ್ತವಳ ಮೇಲೆ ಎಂಥ ಹೊಟ್ಟೆಕಿಚ್ಚು ಎನ್ನಬೇಡಿ. ಬದುಕಿದ್ದವಳಾದರೆ ಜಗಳವಾದರೂ ಆಡಬಹುದಿತ್ತು.

ಸುಷ್ಮಾಳ ಮದುವೆಗೆ ವಾರವಿದ್ದಾಗ ಬೈಂದೂರಿನ ಅವಳ ಅಜ್ಜಿಮನೆಯಿಂದ ವಾರಿಜಳ ಮದುವೆಯ ಕ್ಯಾಸೆಟ್ ಬಂತು. ಅವಳು ಓಡಾಡುವ ಚಿತ್ರ ಅಂತ ಉಳಿದದ್ದು ಅದೊಂದೇ.

"ಅಮ್ಮ ನಡೂದ್ ಹ್ಯಾಂಗೆ ಅಂದೇಳಿ ಒಂದ್ಸಲ ಕಾಣ್ಕ್ ಚಿಕ್ಕಿ," ಎಂದಳು ಸುಷ್ಮಾ.

ಮಧ್ಯಾಹ್ನ ಊಟ ಮುಗಿಸಿ ಕೂತೆ. ವಿಸಿಆರ್‌ನ ಹಳದಿ ವೈರನ್ನು ಕಂಪ್ಯೂಟರಿನ ಕ್ಯಾಪ್ಚರ್ ಕಾರ್ಡಿಗೆ ಚುಚ್ಚಿ, ಸೆಟ್ಟಿಂಗಿನಲ್ಲಿ ಇನ್‌ಪುಟ್ ಕಾಂಪೋಸಿಟ್, ಅಂದರೆ ಹಳದಿ ವೈರಿನ ದಾರಿ, ಎಂದು ಆರಿಸಿದೆ. ಚಿತ್ರ ಬಂತು. ಹೆಮ್ಮಾಡಿ ಸೇವಂತಿಗೆ ಮುಡಿದು ಮಣೆಯ ಮೇಲೆ ಕೂತ ವಾರಿಜ, ಪಕ್ಕದಲ್ಲಿ ಇವರು. ನನ್ನ ಮದುವೆಯ ಒಂದು ಫೋಟೋದಲ್ಲೂ ಇವರು ಹಾಗೆ ನಕ್ಕದ್ದಿಲ್ಲ. ಇನ್‌ಪುಟ್ಟನ್ನು ಎಸ್-ವಿಡಿಯೋ ಎಂಬ ಇನ್ನೊಂದು ತೂತಿಗೆ ತಿರುಗಿಸಿದೆ. ಆ ತೂತಿಗೆ ನಾವು ಯಾವ ವೈರನ್ನೂ ಹಾಕಿರಲಿಲ್ಲ. ಪರದೆ ನೀಲಿಯಾಯಿತು. ಅದೂ ಸಾಲದೆಂದು ಹಳದಿ ವೈರು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡೆ. ಕ್ಯಾಸೆಟ್ ಹಾಳಾಗಿದೆ ಎಂದು ಗಿರಾಕಿಗಳಿಗೆ ಎಷ್ಟೋ ಸಲ ಹೇಳಿದ್ದೇನೆ, ಒಬ್ಬರೂ ತಿರುಗಿ ಕೇಳಿದವರಿಲ್ಲ.

ಸುಷ್ಮಾಳನ್ನು ಕರೆದೆ. "ಟೇಪಿಗೆ ಬೂಷ್ಟ್ ಹಿಡ್ದಿತ್ ಮಗಾ, ಎಂತದೂ ಬತ್ತಿಲ್ಲ," ಎಂದೆ.

ಅವಳು ನನ್ನ ಬೆನ್ನ ಹಿಂದಿನ ಪರದೆಯನ್ನೇ ನೋಡುತ್ತಿದ್ದಳು. ತಿರುಗಿದೆ. ವಾರಿಜ ಚಪ್ಪರದಡಿ ನಡೆದು ಬರುತ್ತಿದ್ದಳು. ಎಡಗೈಯಲ್ಲಿ ಸೀರೆಯ ನೆರಿಗೆ ಎತ್ತಿ, ಕುತ್ತಿಗೆ ಸ್ವಲ್ಪ ವಾರೆ ಮಾಡಿಕೊಂಡು, ನಿಧಾನಕ್ಕೆ. ವೈರು ನನ್ನ ಕೈಯಲ್ಲೇ ಇತ್ತು.

ಸುಷ್ಮಾ ಅಳುತ್ತಲೇ ನಕ್ಕಳು. "ಅಮ್ಮನ್ ನಡ್ಗಿ ಥೇಟ್ ನಿಂದೇ ಕಾಣ್ ಚಿಕ್ಕಿ."

ನಾನು ವಾರಿಜಳನ್ನು ಜೀವಂತ ಕಂಡವಳಲ್ಲ. ಕುತ್ತಿಗೆ ವಾರೆ ಮಾಡಿ ನಡೆಯುತ್ತೀಯೆಂದು ಚಿಕ್ಕಂದಿನಲ್ಲೇ ನನ್ನಮ್ಮ ಬೈಯುತ್ತಿದ್ದಳು.

ಮರುದಿನ ನಾಚಿಕೆಯಿಂದ ವೈರು ಚುಚ್ಚಿ, ಸೆಟ್ಟಿಂಗ್ ಸರಿಮಾಡಿ, ಇಡೀ ಕ್ಯಾಸೆಟ್ ಇಳಿಸಿದೆ. ಧಾರೆ, ಊಟ, ಫೋಟೋ ಎಲ್ಲ ಇತ್ತು. ಅವಳು ನಡೆಯುವುದು ಮಾತ್ರ ಎಲ್ಲೂ ಇರಲಿಲ್ಲ. ಕಾರ್ಡಿನಲ್ಲಿ ಹಳೆಯ ಚಿತ್ರ ನಿಂತಿರಬಹುದು ಎಂದರು ಬ್ರಹ್ಮಾವರದ ರಿಪೇರಿಯವರು. ಚಿತ್ರ ನಿಲ್ಲಬಹುದು ಮಾರಾಯ್ರೆ, ನಡೆಯುತ್ತದೆಯೇ?

ಸುಷ್ಮಾ ಈಗಲೂ ಮನೆಗೆ ಬಂದಾಗ ಆ ಭಾಗ ಹಾಕು ಎನ್ನುತ್ತಾಳೆ. ಸಿಗುತ್ತಿಲ್ಲ ಎನ್ನುತ್ತೇನೆ. "ಅಡ್ಡಿಲ್ಲ, ನೀ ಒಂಚೂರ್ ನಡಿ," ಎನ್ನುತ್ತಾಳೆ. ನಾನು ಎದ್ದು ಬಾಗಿಲ ತನಕ ಹೋಗಿ ಬರುತ್ತೇನೆ. ಅವಳು ಕಣ್ಣು ಮಿಟುಕಿಸದೆ ನೋಡುತ್ತಾಳೆ, ನನ್ನನ್ನಲ್ಲ.