ಎಲೆಯ ತುದಿ ಬಲಕ್ಕೆ

ಎರಡು ವರ್ಷದ ಹಿಂದಿನ ಮಾತು. ಕೊಡಿಯಾಲ್‌ಬೈಲಿನಲ್ಲಿ ನನ್ನ ಫುಡ್ ಫೋಟೋಗ್ರಫಿ ಸ್ಟುಡಿಯೋ. ಮನೆಯಲ್ಲಿ ಅಡುಗೆ ಮಾಡಿ ಮಾರುವ ಹೆಂಗಸರಿಗೆ ಭಾನುವಾರಗಳಂದು ಅಲ್ಲೇ ಕ್ಲಾಸು. ಮೊಬೈಲಿನಲ್ಲಿ ಊಟದ ಫೋಟೋ ತೆಗೆಯುವಾಗ ಕಿಟಕಿಯ ಬೆಳಕು ಹೇಗಿರಬೇಕು, ಬಟ್ಟಲು ಎಲ್ಲಿಡಬೇಕು, ಹೆಸರು ಬರೆಯಲು ಫ್ರೇಮಿನ ಯಾವ ಬದಿ ಖಾಲಿ ಬಿಡಬೇಕು, ಇಂಥ ಪಾಠ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಮೀನುಸಾರಿನ ಫೋಟೋ ಕಂಡರೆ ನನಗೆ ಮೈ ಉರಿಯುತ್ತದೆ. ಬೈದೇ ಕಲಿಸುವವಳು ನಾನು.

ಬೈಸಿಕೊಂಡೂ ನಗುತ್ತಿದ್ದವಳು ಸುರತ್ಕಲ್ಲಿನ ಸುಮತಿ. ಅವಳಿಗೆ ಮೊದಲ ದೊಡ್ಡ ಆರ್ಡರ್ ಸಿಕ್ಕಿತ್ತು: ಉಳ್ಳಾಲದ ದಿವ್ಯಾ ಎಂಬ ಹುಡುಗಿಯ ಸೀಮಂತದ ಊಟ. ಹಿಂದಿನ ಸಲ ದಿವ್ಯಾಳ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಈ ಸಲ ಮನೆಯವರೆಲ್ಲ ಉಸಿರು ಬಿಗಿಹಿಡಿದು ದಿನ ದೂಡುತ್ತಿದ್ದರು. ಸುಮತಿ ಸೀಮಂತದ ಅಡುಗೆಯನ್ನೆಲ್ಲ ಒಮ್ಮೆ ಮನೆಯಲ್ಲಿ ಮಾಡಿ, ಬಾಳೆಎಲೆಯಲ್ಲಿ ಬಡಿಸಿ, ಫೋಟೋ ತೆಗೆದು, ಅದರ ಮೇಲೆ ದಿವ್ಯಾಳ ಹೆಸರು ಬರೆದು ಅವಳಿಗೆ ವಾಟ್ಸಾಪ್ ಮಾಡಿದಳು. ನನಗೂ ಕಳಿಸಿದಳು. ಬೆಳಕು, ಬಣ್ಣ, ಜೋಡಣೆ ಎಷ್ಟು ಚೆನ್ನಾಗಿತ್ತೆಂದರೆ ಬೈಯಲು ನನಗೆ ಏನೂ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಅಳುತ್ತಾ ಸ್ಟುಡಿಯೋಗೆ ಬಂದಳು.

“ಮೇಡಂ, ನಾನು ಎಲೆ ಉಲ್ಟಾ ಹಾಕಿದ್ದೇನಂತೆ. ದಿವ್ಯಾ ನಿನ್ನೆಯಿಂದ ಒಂದು ತುತ್ತು ಮುಟ್ಟಲಿಲ್ಲವಂತೆ. ಇದು ಸತ್ತವರಿಗೆ ಬಡಿಸಿದ್ದು ಅಂತ ಅಳ್ತಾ ಇದ್ದಾಳಂತೆ.”

ನಮ್ಮದು ಬ್ಯಾರಿ ಮುಸ್ಲಿಮರ ಮನೆ, ತಟ್ಟೆಯಲ್ಲಿ ಉಂಡವರು. ಎಲೆಯ ಕ್ರಮವನ್ನು ಸುಮತಿಯೇ ವಿವರಿಸಿದಳು. ಉಣ್ಣುವವರ ಎಡಕ್ಕೆ ಎಲೆಯ ತುದಿ ಬರಬೇಕು. ಉತ್ತರಕ್ರಿಯೆಯ ದಿನ ತೀರಿಕೊಂಡವರಿಗೆಂದು ಹಾಕುವ ಎಲೆಗೆ ಮಾತ್ರ ತುದಿ ಬಲಕ್ಕೆ. ಫೋಟೋದಲ್ಲಿ ತುದಿ ಬಲಕ್ಕೇ ಇತ್ತು. ಅದರ ಪಕ್ಕದಲ್ಲಿ ಬಸುರಿಯ ಹೆಸರು.

“ಬುದ್ಧಿ ಬಂದಾಗಿನಿಂದ ಎಲೆ ಹಾಕಿದವಳು ನಾನು. ನನ್ನ ಕೈ ಹೀಗೆ ಹಾಕ್ಲಿಕ್ಕೆ ಸಾಧ್ಯವೇ ಇಲ್ಲ” ಎಂದಳು.

ನಾನು ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಎಲೆಯ ಪಕ್ಕದ ಸ್ಟೀಲ್ ಲೋಟದ ಮೇಲೆ ಸುಮತಿಯ ಹೆಸರು ಕೊರೆಸಿತ್ತು. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದವು.

“ಎಡಿಟ್ ಮಾಡುವಾಗ ಫ್ಲಿಪ್ ಒತ್ತಿದ್ದೀಯಾ?” ಫ್ಲಿಪ್ ಎಂದರೆ ಚಿತ್ರದ ಎಡಬಲವನ್ನು ಅದಲುಬದಲು ಮಾಡುವ ಬಟನ್.

ಸುಮತಿ ಬಾಯಿಗೆ ಕೈ ಅಡ್ಡ ಇಟ್ಟಳು. “ಹೆಸರು ಬರೀಲಿಕ್ಕೆ ಖಾಲಿ ಜಾಗ ಆಚೆ ಬದಿ ಬೇಕಿತ್ತು ಮೇಡಂ. ಒತ್ತಿದೆ. ಚಂದ ಕಂಡಿತು. ಎಲೆಯನ್ನು ನಾನು ನೋಡ್ಲೇ ಇಲ್ಲ.”

ನನಗೆ ನಿಜವಾಗಿ ಸಿಡಿಲು ಬಡಿದಂತಾದದ್ದು ಆಗ. ನಿದ್ದೆಗಣ್ಣಿನಲ್ಲೂ ಎಲೆಯ ದಿಕ್ಕು ತಪ್ಪಿಸದವಳಿಗೆ ತಾನೇ ಹಾಕಿದ ಎಲೆ ಫೋಟೋದಲ್ಲಿ ಕಣ್ಣಿಗೆ ಬಿದ್ದಿರಲಿಲ್ಲ.

ಸುಮತಿಯ ಮನೆಗೆ ಹೋಗಿ ಆ ಲೋಟವನ್ನೂ ಹಿಡಿದುಕೊಂಡು ಇಬ್ಬರೂ ಉಳ್ಳಾಲಕ್ಕೆ ಓಡಿದೆವು. ಬಾಗಿಲಲ್ಲಿ ದಿವ್ಯಾಳ ಅತ್ತೆ ನಿಂತಿದ್ದರು. “ಇನ್ನು ಎಂತ ಉಂಟು ಹೇಳ್ಲಿಕ್ಕೆ?” ಎಂದರು. ನಾನು ದಿವ್ಯಾಳನ್ನು ಕರೆದು, ಕಪಾಟಿನ ಕನ್ನಡಿಯ ಮುಂದೆ ಆ ಫೋಟೋ ಇದ್ದ ಮೊಬೈಲ್ ಹಿಡಿದೆ. ಕನ್ನಡಿಯೊಳಗೆ ಲೋಟದ ಹೆಸರು ನೇರವಾಯಿತು, ಎಲೆಯ ತುದಿ ಎಡಕ್ಕೆ ಬಂತು. ಅತ್ತೆ ಸುಮತಿಯ ಕೈಯಲ್ಲಿದ್ದ ಲೋಟವನ್ನೂ ಕನ್ನಡಿಯನ್ನೂ ಮತ್ತೆ ಮತ್ತೆ ನೋಡಿದರು.

“ಗೊತ್ತಾಯ್ತು. ಆದ್ರೆ ಇವಳ ಕಣ್ಣು ಕಂಡದ್ದನ್ನು ಎಂತ ಮಾಡುವುದು ಮಾರಾಯ್ತಿ?”

ಮಾತಾಡಿದ್ದು ದಿವ್ಯಾ. “ಅನ್ನ ಉಂಟಲ್ಲ ಅತ್ತೆ? ಸುಮತಿಯಕ್ಕನೇ ಬಡಿಸಲಿ.”

ಸುಮತಿ ಹಿತ್ತಲಿನಿಂದ ಎಲೆ ಕೊಯ್ದು ತಂದು ಹಾಕಿದಳು. ತುದಿ ದಿವ್ಯಾಳ ಎಡಕ್ಕಿತ್ತು. ಉಪ್ಪು, ಉಪ್ಪಿನಕಾಯಿ, ಅನ್ನ, ಮನೆಯಲ್ಲಿದ್ದ ತೊವ್ವೆ, ಅಷ್ಟೇ. ದಿವ್ಯಾ ಎಲೆಯ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಅನ್ನ ಕಲಸಿ ಬಾಯಿಗಿಟ್ಟಳು. ಅತ್ತೆ ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತರು. ಸೀಮಂತದ ಅಡುಗೆ ಸುಮತಿಯದೇ ಆಯಿತು.

ಈಗ ನನ್ನ ಕ್ಲಾಸಿನಲ್ಲಿ ಬೆಳಕಿನ ಪಾಠಕ್ಕಿಂತ ಮೊದಲು ಎಲ್ಲರನ್ನೂ ಬಡಿಸಿದ ಊಟದ ಮುಂದೆ ಉಣ್ಣುವವರ ಹಾಗೆ ಕೂರಿಸುತ್ತೇನೆ. ಚಿತ್ರವನ್ನು ಎಷ್ಟು ಬೇಕಾದರೂ ತಿದ್ದಿ, ಆದರೆ ಅದು ಯಾರ ಕಣ್ಣಿಗೆ ಬೀಳುತ್ತದೆ ಎಂದು ತಿಳಿದು ತಿದ್ದಿ ಎನ್ನುತ್ತೇನೆ. ಎಲೆಯ ತುದಿಯಿಂದ ಕೇಡಾಗುತ್ತದೆ ಎಂಬ ನಂಬಿಕೆ ನನಗಿಲ್ಲ. ಆದರೂ ದಿವ್ಯಾ ಹೆತ್ತಳು, ಮಗು ಅತ್ತಿತು ಎಂದು ಸುಮತಿ ಫೋನ್ ಮಾಡುವ ತನಕ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.