ಬಿಸಿಲಿಗಿಟ್ಟ ಸೆಲ್ಲುಗಳು

ಇಚಲಕರಂಜಿಯ ಶಹಾಪುರದಲ್ಲಿ ಬಸಗೊಂಡನ ಮನೆಗೆ ಹಾಡು ಕೇಳಲು ಹೋದವರು ಬಾಯಿ ಮುಚ್ಚಿಕೊಂಡು ಕೂರಬೇಕಾಗಿತ್ತು. ಕ್ಯಾಸೆಟ್ಟು ಹಾಕಿದನೆಂದರೆ ಮುಗಿಯಿತು, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಈ ಬದಿ ಮುಗಿದರೆ ಆ ಬದಿ, ಒಂದನ್ನೂ ಹಾರಿಸುವಂತಿಲ್ಲ. ಒಮ್ಮೆ ಹೆಂಡತಿ ಇಂದುಬಾಯಿ ಮೂರನೆಯ ಹಾಡಿನ ನಡುವೆ ಊಟಕ್ಕೆ ಕರೆದಳೆಂದು ಆತ ಸಿಟ್ಟಿಗೆದ್ದು ಇಡೀ ಕ್ಯಾಸೆಟ್ಟನ್ನು ಮೊದಲಿನಿಂದ ಹಾಕಿದ. ರೊಟ್ಟಿ ಆರಿ ಹಪ್ಪಳವಾದವು. ಇಂಥ ಗಂಡನನ್ನು ಕಟ್ಟಿಕೊಂಡು ಆ ಹೆಂಗಸು ಹೇಗೆ ಬಾಳಿದಳೋ, ಆ ಬಸವಣ್ಣನೇ ಬಲ್ಲ.

ಹಗಲೆಲ್ಲ ಅವನದು ಮಗ್ಗದ ಕಾರಖಾನೆಯಲ್ಲಿ ಜಾಬರ್ ಕೆಲಸ. ಕೆಟ್ಟ ಮಗ್ಗವನ್ನು ಸದ್ದಿನಿಂದಲೇ ಗುರುತು ಹಿಡಿದು ರಿಪೇರಿ ಮಾಡುತ್ತಿದ್ದ. ತಿಂಗಳಿಗೊಮ್ಮೆ ಕೊಲ್ಹಾಪುರದ ಹಳೆ ಸಾಮಾನಿನ ಬಾಜಾರಕ್ಕೆ ಹೋಗಿ, ಯಾರೋ ಮಾರಿಹೋದ ಇಂಗ್ಲಿಷ್ ಕ್ಯಾಸೆಟ್ಟುಗಳನ್ನು ಹೆಕ್ಕಿ ತರುತ್ತಿದ್ದ. ಅದರಲ್ಲೂ ಹೆಸರುವಾಸಿಗಳು ಬೇಡ. ತಾನೇ ಬರೆದು, ತಾನೇ ರಾಗ ಹಚ್ಚಿ, ತಾನೇ ಗಿಟಾರು ಬಾರಿಸಿ ಹಾಡಿದವರು ಬೇಕು, ದೊಡ್ಡ ಕಂಪನಿಯ ಹಂಗಿಲ್ಲದವರು. ಇಂಗ್ಲಿಷ್ ಬಾರದ ಮನುಷ್ಯ ಅದನ್ನು ಹೇಗೆ ಕಂಡುಹಿಡಿಯುತ್ತಿದ್ದನೆಂದರೆ, ಕವರಿನ ಮೇಲೆ ಒಂದೇ ಹೆಸರು ಮತ್ತೆ ಮತ್ತೆ ಬಂದಿದೆಯೇ ಎಂದು ನೋಡುತ್ತಿದ್ದನಂತೆ. ಆರು ಹಾಡು ಒಂದರ ಹಿಂದೊಂದು ಕೇಳಿದರೆ ಒಬ್ಬ ಮನುಷ್ಯನ ಮನೆ ಹೊಕ್ಕು ಉಂಡು ಬಂದಂತೆ, ಒಂದೇ ಕೇಳಿದರೆ ಹೊಸ್ತಿಲಲ್ಲಿ ನಿಂತು ನೀರು ಕುಡಿದು ಬಂದಂತೆ ಎನ್ನುತ್ತಿದ್ದ. ನಕ್ಕವರಿಗೆ, ಕತ್ತೆಗೇನು ಗೊತ್ತು ಕಸ್ತೂರಿ ಎಂದು ಮುಖ ತಿರುಗಿಸುತ್ತಿದ್ದ.

೧೯೮೩ರಲ್ಲಿ ಅಂಥವನೊಬ್ಬ ಅವನ ಕಾರಖಾನೆಯಲ್ಲೇ ಸಿಕ್ಕ. ಹೆಸರು ಕೃಷ್ಣಾತ. ಗಡಹಿಂಗ್ಲಜ ಕಡೆಯ ಧನಗರ, ಕುರಿ ಕಾಯುವವರ ಮನೆಯವನು, ಇಲ್ಲಿ ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದ. ಮುಚ್ಚಿಹೋದ ಆರ್ಕೆಸ್ಟ್ರಾವೊಂದರಿಂದ ತಂದ ಗಿಟಾರು ಅವನ ಖೋಲಿಯಲ್ಲಿತ್ತು. ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಹಾಡು ಕಟ್ಟುತ್ತಿದ್ದ. ಮೊದಲ ಸಲ ಕೇಳಿದಾಗ ಬಸಗೊಂಡನ ಮೈ ಝುಮ್ಮೆಂದಿತು. ಆರು ಹಾಡು ಆರಿಸಿ, ಯಾವುದರ ಹಿಂದೆ ಯಾವುದು ಬರಬೇಕೆಂದು ಜಗಳಾಡಿ ಸಾಲು ಹಚ್ಚಿದ. ಕೊಲ್ಹಾಪುರದಲ್ಲಿ ರೆಕಾರ್ಡಿಂಗ್ ಅಂಗಡಿ ಇಟ್ಟಿದ್ದ ಬಾಪೂಸಾಹೇಬರನ್ನು ಕಾಡಿ ಬೇಡಿ, ಒಳ್ಳೆಯ ಟೇಪು ತಂದರೆ ಕವರು ಹಾಕಿಸಿ ಪ್ರತಿ ತೆಗೆಯುತ್ತೇನೆ ಎಂಬ ಮಾತು ಪಡೆದ.

ಅಷ್ಟರಲ್ಲಿ ಊರಿಂದ ಸುದ್ದಿ ಬಂತು. ಕೃಷ್ಣಾತನ ಅಣ್ಣ ಮಲ್ಲಾರಿ ಕಾಲು ಮುರಿದುಕೊಂಡಿದ್ದ, ಕುರಿ ಹಿಂಡಿಗೆ ಬೇರೆ ದಿಕ್ಕಿರಲಿಲ್ಲ. ಭಾನುವಾರ ಕೃಷ್ಣಾತ ಊರಿಗೆ ಹೋಗಿ ಹಿಂಡಿನ ಬೆನ್ನು ಹತ್ತಬೇಕು, ಮತ್ತೆ ಮಗ್ಗಕ್ಕೆ ಬರುವ ಮಾತಿಲ್ಲ. ಗಿಟಾರನ್ನೂ ಒಬ್ಬರಿಗೆ ಕೊಡಲು ಒಪ್ಪಿಬಿಟ್ಟಿದ್ದ. ಹಾಡು ಉಳಿಯಬೇಕೆಂದರೆ ಉಳಿದದ್ದು ಶುಕ್ರವಾರ ಒಂದೇ.

ಶುಕ್ರವಾರವೇ ಯಾಕೆಂದರೆ, ಉಳಿದ ದಿನ ಶಹಾಪುರದಲ್ಲಿ ಮಗ್ಗದ ಖಟಾಖಟ್ ಸದ್ದಿಗೆ ಪಕ್ಕದವನ ಕೂಗೂ ಕೇಳಿಸದು. ವಾರಕ್ಕೊಮ್ಮೆ, ಶುಕ್ರವಾರ, ಕರೆಂಟು ಬಂದ್ ಆದಾಗ ಮಾತ್ರ ಓಣಿ ತಣ್ಣಗಾಗುತ್ತಿತ್ತು, ಸಂಜೆ ಐದಕ್ಕೆ ಮತ್ತೆ ಶುರು. ಕರೆಂಟಿಲ್ಲದ ಮೇಲೆ ಟೇಪ್‌ರೆಕಾರ್ಡರು ಸೆಲ್ಲಿನ ಮೇಲೆ ನಡೆಯಬೇಕು. ಆ ಓಣಿಯಲ್ಲಿ ಸತ್ತ ಸೆಲ್ಲನ್ನು ಯಾರೂ ಎಸೆಯುತ್ತಿರಲಿಲ್ಲ. ತಗಡಿನ ಮೇಲೆ ನಾಲ್ಕು ದಿನ ಬಿಸಿಲಿಗಿಟ್ಟರೆ ಮತ್ತಷ್ಟು ಜೀವ ಬರುತ್ತಿತ್ತು. ಈ ವಿದ್ಯೆಯಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂದು ಬಸಗೊಂಡ ಬೀಗುತ್ತಿದ್ದ. ಹೊಸ ಸೆಲ್ಲು ತರಲೇನು ಎಂದು ಕೃಷ್ಣಾತ ಕೇಳಿದ್ದುಂಟು. ನನ್ನ ಸೆಲ್ಲು ಹೊಸವಕ್ಕೆ ಅಪ್ಪ ಎಂದು ಬಸಗೊಂಡ ಅವನ ಬಾಯಿ ಮುಚ್ಚಿಸಿದ. ಜಂಬಕ್ಕೆ ಮದ್ದಿಲ್ಲ ನೋಡಿ.

ಮೂರು ಗಂಟೆಗೆ ಕಿಟಕಿಗೆ ಕಂಬಳಿ ಕಟ್ಟಿ ಕೂತರು. ಮೊದಲ ಹಾಡಿನ ನಡುವೆ ನಾಯಿ ಬೊಗಳಿತು, ಮತ್ತೆ ಹಾಡಬೇಕಾಯಿತು. ಎರಡನೆಯದಕ್ಕೆ ತಂತಿ ಹರಿಯಿತು. ಅದನ್ನು ಗಂಟು ಹಾಕಿ ಬಿಗಿದು, ಹಾಡಿ ಮುಗಿಸುವಷ್ಟರಲ್ಲಿ ನಾಲ್ಕು ದಾಟಿತ್ತು. ಬಸಗೊಂಡನ ಕಣ್ಣು ಗಡಿಯಾರ ಬಿಟ್ಟು ಕದಲಲಿಲ್ಲ. ಕೃಷ್ಣಾತ ಮಾತ್ರ ಆಗ ಕಳೆಗಟ್ಟಿದ. ಮೂರು, ನಾಲ್ಕು, ಐದು, ಒಂದೂ ತಪ್ಪಿಲ್ಲದೆ ಹಾಡಿದ. ಆರನೆಯದು ಮುಗಿದು ತಂತಿಯ ಕೊನೆಯ ನಾದ ಅಡಗಿತೋ ಇಲ್ಲವೋ, ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಎದ್ದವು. ಬಸಗೊಂಡ ಯಂತ್ರವನ್ನು ಕಂಬಳಿಯೊಳಗೆ ಎಳೆದುಕೊಂಡು, ಕಿವಿ ಹಚ್ಚಿ ಕೊನೆಯ ಹಾಡನ್ನು ಹಾಕಿ ಕೇಳಿದ. ಹಾಡಿದ್ದು ಹಾಡಿದಂತೆಯೇ ಇತ್ತು. ಹೊರಬಂದವನು ಕೃಷ್ಣಾತನನ್ನು ತಬ್ಬಿಕೊಂಡು ಅತ್ತೇಬಿಟ್ಟ.

ಮರುದಿನ ಕೊಲ್ಹಾಪುರದಲ್ಲಿ ಬಾಪೂಸಾಹೇಬರು ಟೇಪನ್ನು ಕರೆಂಟಿನ ದೊಡ್ಡ ಯಂತ್ರಕ್ಕೆ ಹಾಕಿದರು. ಮೊದಲೆರಡು ಹಾಡಿಗೆ ಅವರ ತಲೆ ತೂಗಿತು. ಮೂರನೆಯದರಲ್ಲಿ ದನಿ ಯಾಕೋ ತೆಳ್ಳಗಾಯಿತು. ಬಸಗೊಂಡ ಕುರ್ಚಿಯ ತುದಿಗೆ ಬಂದ. ನಾಲ್ಕನೆಯದರಲ್ಲಿ ಹಾಡು ಓಡತೊಡಗಿತು. ಐದನೆಯದಕ್ಕೆ ಅಂಗಡಿಯಲ್ಲಿದ್ದವರು ಕಿಸಕ್ಕೆಂದರು. ಆರನೆಯದರಲ್ಲಿ ಹತ್ತು ವರ್ಷದ ಹುಡುಗಿ ಅವಸರ ಅವಸರವಾಗಿ ಹಾಡುತ್ತಿದ್ದಳು.

“ಇದು ಯಾರ ಪೋರಿರೀ?” ಎಂದರು ಬಾಪೂಸಾಹೇಬರು.

ಇದು ಕೃಷ್ಣಾತನೇ ಎಂದ ಬಸಗೊಂಡ. ಏನಾಯಿತೆಂದು ಅವರೇ ಬಿಡಿಸಿ ಹೇಳಿದರು. ಸೆಲ್ಲು ಕುಂದಿದಂತೆ ಟೇಪು ತೆವಳಿದೆ, ತೆವಳುತ್ತಲೇ ಹಾಡು ಹಿಡಿದುಕೊಂಡಿದೆ. ಅದೇ ಸೆಲ್ಲಿನ ಮೇಲೆ ಕೇಳಿದಾಗಲೂ ತೆವಳಿದ್ದರಿಂದ ಸರಿಯಾಗಿಯೇ ಕೇಳಿಸಿದೆ. ಸರಿಯಾದ ಓಟಕ್ಕೆ ಹಾಕಿದರೆ ಗಂಡಸಿನ ದನಿ ಹೀಗೆಯೇ ಆಗುವುದು. ಇನ್ನೊಮ್ಮೆ ಹಾಡಿಸಿ ತನ್ನಿರಿ ಎಂದು ಟೇಪು ಕೈಗಿತ್ತರು. ಎಲ್ಲಿಂದ ಹಾಡಿಸುವುದು? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದೂ ತನ್ನ ಕೈಯಿಂದಲೇ ತಪ್ಪಿತು.

ಕೃಷ್ಣಾತನಿಗೆ ಸುಳ್ಳು ಹೇಳಿ ಕಳಿಸಿಬಿಡಬಹುದಿತ್ತು. ಬಾಪೂಸಾಹೇಬರಿಗೆ ಭಾಳ ಹಿಡಿಸಿತು ಎಂದರೆ ಕುರಿ ಹಿಂದೆ ಹೊರಟವನು ಖುಷಿಯಲ್ಲಿ ಹೋಗುತ್ತಿದ್ದ. ಶನಿವಾರ ರಾತ್ರಿಯೆಲ್ಲ ಬಸಗೊಂಡ ಅದನ್ನೇ ಗುಣುಗುಣಿಸಿದ. ಭಾನುವಾರ ಟೇಪ್‌ರೆಕಾರ್ಡರು ಹಿಡಿದು ಬೀಳ್ಕೊಡಲು ಹೋದವನು, ಗಡಹಿಂಗ್ಲಜದ ಬಸ್ಸು ನಿಲ್ಲುವ ಎಸ್‌ಟಿ ಸ್ಟ್ಯಾಂಡಿನಲ್ಲಿ ಕೃಷ್ಣಾತನ ಮುಖ ಕಂಡಕೂಡಲೇ ಆ ಸುಳ್ಳು ಬಿಟ್ಟುಬಿಟ್ಟ. ಎಲ್ಲ ಹೇಳಿದ, ತಪ್ಪು ನನ್ನದೇ ಎಂದ. ಅಂದು ಯಂತ್ರದಲ್ಲಿ ಹೊಸ ಸೆಲ್ಲುಗಳಿದ್ದವು, ಬುದ್ಧಿ ತಡವಾಗಿ ಬಂದಿತ್ತು. ಕೇಳಿಸು ಎಂದ ಕೃಷ್ಣಾತ. ಆರನೆಯ ಹಾಡು ಹಾಕಿದರೆ ಬೆಂಚಿನ ಮೇಲಿದ್ದ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಕ್ಕರು.

ಕೃಷ್ಣಾತನ ಮುಖ ಕಪ್ಪಿಟ್ಟಿತು. “ಅಳಿಸು ಇದನ್ನ. ನನ್ನ ಮುಂದ ಅಳಿಸು.”

ಮೊದಲೆರಡು ಸರಿಯಾಗಿವೆ, ಅವಾದರೂ ಇರಲಿ ಎಂದು ಬಸಗೊಂಡ ಅಂಗಲಾಚಿದ.

“ಕ್ಯಾಸೆಟ್ಟು ಅಂದ್ರ ಮೊದಲಿಂದ ಕಡೀತನಕ ಒಂದ ಅಂತ ನೀನ ಹೇಳ್ತಿದ್ದಿ, ಬಸಣ್ಣ. ಹಂಗಾರ ಪೂರ್ತಿ ಅಳಿಸು.”

ಬಸಗೊಂಡ ಟೇಪನ್ನು ಮೊದಲಿಗೆ ತಿರುಗಿಸಿ, ರೆಕಾರ್ಡಿಂಗಿನ ಎರಡು ಗುಂಡಿ ಒಟ್ಟಿಗೆ ಒತ್ತಿದ. ಹಾಡು ಅಳಿಸುವುದೆಂದರೆ ಹಲಗೆ ಒರೆಸಿದಂತಲ್ಲ. ಹಾಡಲು ಎಷ್ಟು ಹೊತ್ತೋ ಅಳಿಸಲೂ ಅಷ್ಟೇ ಹೊತ್ತು. ಇಬ್ಬರೂ ತಿರುಗುವ ಚಕ್ರ ನೋಡುತ್ತ ಕೂತರು. ಹಾಡಿದ್ದಲ್ಲಿ ಈಗ ಕಂಡಕ್ಟರನ ಸೀಟಿ, ಶೇಂಗಾ ಮಾರುವವಳ ಕೂಗು ಕೂರುತ್ತಿದ್ದವು. ಐದು ನಿಮಿಷಕ್ಕೆ ಮೊದಲ ಹಾಡು ಹೋಯಿತು. ಹತ್ತಕ್ಕೆ ಎರಡನೆಯದು. ಅಷ್ಟರಲ್ಲಿ ಊರ ಬಸ್ಸು ಬಂತು. ಕೃಷ್ಣಾತ ಗಂಟು ಎತ್ತಿಕೊಂಡು, ಪೂರ್ತಿ ಅಳಿಸು ಎಂದು ಮತ್ತೊಮ್ಮೆ ಹೇಳಿದ. ಅಳಿಸ್ತೇನಿ ಎಂದು ಬಸಗೊಂಡ ಮಾತು ಕೊಟ್ಟ. ಬಸ್ಸು ತಿರುವು ದಾಟಿದ್ದೇ ಅವನ ಬೆರಳು ಗುಂಡಿಯ ಮೇಲೆ ಬಿತ್ತು, ಯಂತ್ರ ನಿಂತಿತು.

ಮುಂದೆ ನಾಲ್ಕು ವರ್ಷ ಶಹಾಪುರದವರು ಅವನಿಗೆ ಹುಚ್ಚು ಎಂದರು. ಮನೆಮನೆಗೆ ಹೋಗಿ ಕುಂದಿದ ಸೆಲ್ಲು ಕೇಳುತ್ತಿದ್ದ. ಎಂಥ ಸೆಲ್ಲು ಹಾಕಿದರೆ ಯಾವ ಹಾಡಿನಲ್ಲಿ ಕೃಷ್ಣಾತನ ನಿಜವಾದ ದನಿ ಬರುತ್ತದೆಂದು ಅವನಿಗೆ ಗೊತ್ತಾಗಿತ್ತು. ಕೊಟ್ಟ ಮಾತು ಮುರಿದ ಅಳುಕು ಮಾತ್ರ ಮುಳ್ಳಿನಂತೆ ಉಳಿದಿತ್ತು, ಯಾರ ಮುಂದೆಯೂ ಆ ಟೇಪು ಹಾಕುತ್ತಿರಲಿಲ್ಲ.

೧೯೮೭ರ ಒಂದು ಶುಕ್ರವಾರ ಮಧ್ಯಾಹ್ನ ಉಣ್ಣೆಯ ಘೊಂಗಡಿ ಕಂಬಳಿ ಮಾರಲು ಬಂದ ಕೃಷ್ಣಾತ ಹೇಳದೆ ಕೇಳದೆ ಬಾಗಿಲಲ್ಲಿ ನಿಂತ. ಒಳಗೆ ಟೇಪು ನಡೆದಿತ್ತು. ಬಸ್‌ಸ್ಟ್ಯಾಂಡಿನ ಗದ್ದಲ, ಅದರ ಕೊನೆಗೆ, ಪೂರ್ತಿ ಅಳಿಸು ಎಂಬ ಅವನದೇ ಮಾತು, ಅಳಿಸ್ತೇನಿ ಎಂಬ ಬಸಗೊಂಡನ ಉತ್ತರ, ಹೊರಟ ಬಸ್ಸಿನ ಸದ್ದು, ಅದರ ಹಿಂದೆಯೇ ಅವನ ನಿಜವಾದ ದನಿಯಲ್ಲಿ ಮೂರನೆಯ ಹಾಡು. ಬಸಗೊಂಡ ತಿರುಗಿ ನೋಡಿ ಬಿಳಿಚಿಕೊಂಡ. ಕೃಷ್ಣಾತ ಘೊಂಗಡಿಯ ಗಂಟು ಇಳಿಸಿ ಅದರ ಮೇಲೆಯೇ ಕೂತ. ಬಸಗೊಂಡ ಹಾಡಿಗೆ ತಕ್ಕಂತೆ ಸೆಲ್ಲು ಬದಲಿಸುತ್ತ ನಾಲ್ಕೂ ಹಾಡು ಕೇಳಿಸಿದ.

“ಅಳಿಸ್ತೇನಿ ಅಂದಿದ್ದಿ.”

“ಅಂದಿದ್ದೆ. ಕೈ ಬರಲಿಲ್ಲೋ ಕೃಷ್ಣಾ.”

ಬೈಗುಳ ಬರುತ್ತದೆಂದು ಬಸಗೊಂಡ ಕಾದ. ಕೃಷ್ಣಾತ ನೆಲ ನೋಡುತ್ತಲೇ ಕೇಳಿದ.

“ಮೊದಲಿನ ಎರಡು ನನಗ ಮರತ ಹೋಗ್ಯಾವ, ಬಸಣ್ಣ. ಕುರಿ ಹಿಂದ ಎಷ್ಟ ತಿಣುಕಿದ್ರೂ ನೆನಪ ಬರವಲ್ವು. ನಿನಗ ಬರತಾವೇನು?”

ಬಸಗೊಂಡ ಹುಟ್ಟಿದಾಗಿನಿಂದ ಒಂದು ಹಾಡು ಹಾಡಿದವನಲ್ಲ. ಆದರೂ ಶುರು ಮಾಡಿದ, ಒಡಕು ದನಿಯಲ್ಲಿ, ಅಲ್ಲಲ್ಲಿ ರಾಗ ಜಾರುತ್ತ. ಇಂದುಬಾಯಿ ಏನಾಯಿತೋ ಎಂದು ಗಾಬರಿಯಿಂದ ಹೊರಗೆ ಬಂದು ಬಾಗಿಲಲ್ಲೇ ನಿಂತಳು. ಹಾಡಿನ ಮಾತು ಒಂದೂ ಬಿಟ್ಟುಹೋಗಲಿಲ್ಲ. ಕೃಷ್ಣಾತ ಗಂಟಿನ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತ, ತನ್ನ ಹಾಡನ್ನು ಅವನ ಬಾಯಿಂದ ಒಂದೊಂದೇ ಸಾಲು ಕಲಿತುಕೊಂಡ.